ಮಂಚಿಗೆಯ ಪಾಳಿ

ಹೊಳೆಯ ದಂಡೆಯಲ್ಲಿ ಒಂದು ಮಠ. ಮಠಕ್ಕೆ ಇದ್ದದ್ದು ಒಂದೇ ಹೊಲ. ಆ ಹೊಲದ ಜೋಳದಲ್ಲೇ ವರ್ಷವಿಡೀ ದಾಸೋಹ ನಡೆಯಬೇಕು.

ಜೋಳ ಕಾಳು ಕಟ್ಟುವ ಹೊತ್ತಿಗೆ ಹಕ್ಕಿಗಳು ಬರುತ್ತವೆ. ಬೆಳಕು ಹರಿಯುವಾಗ ಹಿಂಡುಹಿಂಡಾಗಿ ಬರುತ್ತವೆ. ಇಳಿಯುವ ಮೊದಲೇ ಬೆದರಿಸಿದರೆ ಬೇರೆ ಕಡೆ ತಿರುಗುತ್ತವೆ. ಒಮ್ಮೆ ತೆನೆಯ ಮೇಲೆ ಕೂತವೋ, ಮುಗಿಯಿತು, ಶಿವನೇ ಬಂದು ಹುಶ್ ಅಂದರೂ ಏಳುವುದಿಲ್ಲ.

ಅದಕ್ಕೇ ಹೊಲದ ನಡುವೆ ನಾಲ್ಕು ಕಂಬ ನೆಟ್ಟು ಎತ್ತರದ ಮಂಚಿಗೆ ಕಟ್ಟಿದ್ದರು. ದಿನಾ ಬೆಳಗ್ಗೆ ಒಬ್ಬ ಶಿಷ್ಯ ಕವಣೆ ಹಿಡಿದು ಅದನ್ನು ಹತ್ತಬೇಕು, ಬಿಸಿಲೇರುವವರೆಗೆ ಕಲ್ಲು ಬೀಸಬೇಕು. ಆಮೇಲೆ ಉಳಿದವರು ತಗಡು ಬಡಿಯುತ್ತ ಬದುವಿನ ಮೇಲೆ ಓಡಾಡಿದರೆ ಸಾಕು.

ಕವಣೆ ಬಲ್ಲವರು ಐದು ಜನ. ಇಂದು ಬೀಸಿದವನು ನಾಲ್ಕು ದಿನ ಸುಮ್ಮನೆ ಕೂರಬೇಕು. ಇದು ಪಾಳಿ.

ಪಾಳಿ ನೋಡಿಕೊಳ್ಳುತ್ತಿದ್ದ ಹಿರಿಯ ಶಿಷ್ಯ ಆ ವರ್ಷ ಶ್ರೀಶೈಲಕ್ಕೆ ಹೊರಟುಹೋದ. ಮಠದ ಗುರುಗಳು ಗದಿಗಯ್ಯನೆಂಬ ಶಿಷ್ಯನನ್ನು ಕರೆದರು. ಗುರುಗಳನ್ನು ಎಲ್ಲರೂ ಅಜ್ಜಾರು ಎನ್ನುತ್ತಿದ್ದರು.

"ಸುಗ್ಗಿಗೆ ಇನ್ನ ಇಪ್ಪತ್ತು ದಿನ ಅದ. ದಿನಾ ಮಂಚಿಗಿ ಯಾರು ಹತ್ತಬೇಕಂತ ನೀನ ಹೇಳು."

ಗದಿಗಯ್ಯ ತಬ್ಬಿಬ್ಬಾದ. ಅವನಿಗೆ ಕವಣೆ ಬರುತ್ತಿರಲಿಲ್ಲ. ಹಿಂದೊಮ್ಮೆ ಬೀಸಿದ್ದ. ಕಲ್ಲು ಹಿಂದಕ್ಕೆ ಹಾರಿ ಅಡುಗೆಮನೆಯ ಹೆಂಚು ಒಡೆದಿತ್ತು.

"ನಾನ್ರೀ? ನನಗ ಕವಣಿ ಹಿಡಿಯಾಕೂ ಬರೂದಿಲ್ರಿ."

"ಅದಕ್ಕ ನಿನಗ ಹೇಳಿದ್ದು. ಬರ್ತಿದ್ರ ನೀನ ಹತ್ತಿ ಕೂಡ್ತಿದ್ದಿ."

"ಏನು ನೋಡಿ ಆರಿಸ್ಲಿ ಅಜ್ಜಾರ?"

ಅಜ್ಜಾರು ಪಂಜೆ ಹೆಗಲಿಗೆ ಹಾಕಿಕೊಂಡು ಸ್ನಾನಕ್ಕೆ ಹೊಳೆಗೆ ಇಳಿದರು.

ಅದು ಉತ್ತರವೋ, ಬರೀ ಸ್ನಾನವೋ ಗದಿಗಯ್ಯನಿಗೆ ತಿಳಿಯಲಿಲ್ಲ. ಬಹಳ ಹೊತ್ತು ದಂಡೆಯಲ್ಲೇ ನಿಂತಿದ್ದ.

ಮೊದಲ ಐದು ದಿನ ಐವರೂ ಒಬ್ಬೊಬ್ಬರಾಗಿ ಹತ್ತಿದರು. ಪಾಳಿ ನೇಗಿಲ ಸಾಲಿನಂತೆ ನೆಟ್ಟಗೆ ಹೋಯಿತು. ಇಷ್ಟೇ ತಾನೇ ಎಂದು ಗದಿಗಯ್ಯ ಹಿಗ್ಗಿದ.

ಆರನೆಯ ದಿನ ಒಬ್ಬನಿಗೆ ಜ್ವರ ಬಂತು. ಏಳನೆಯ ದಿನ ಇನ್ನೊಬ್ಬನ ಕಾಲಿಗೆ ಜಾಲಿಮುಳ್ಳು ಹೊಕ್ಕಿತು. ಎಂಟನೆಯ ದಿನ ಹತ್ತಿದವನು ಕೊಟ್ರಯ್ಯ, ಐವರಲ್ಲಿ ಹೊಸಬ. ಅವನ ಕಲ್ಲು ಹಕ್ಕಿಯನ್ನು ಬಿಟ್ಟು ಮಿಕ್ಕ ಎಲ್ಲಾ ಕಡೆ ಬಿತ್ತು.

ಆಗ ಗದಿಗಯ್ಯನ ಕಣ್ಣು ದ್ಯಾಮಣ್ಣನ ಮೇಲೆ ಬಿತ್ತು.

ದ್ಯಾಮಣ್ಣ ಕವಣೆ ಬೀಸಿದರೆ ಆಚೆ ದಂಡೆಯ ನಾಯಿಗಳೂ ಕಿವಿ ನಿಮಿರಿಸುತ್ತಿದ್ದವು. ಅವನ ಮೊದಲ ಕಲ್ಲಿಗೇ ಹಿಂಡು ತಿರುಗುತ್ತಿತ್ತು. ಬೇರೇನೂ ಅವನಿಗೆ ಬರುತ್ತಿರಲಿಲ್ಲ. ಹನ್ನೊಂದು ವರ್ಷ ಮಠದಲ್ಲಿದ್ದೂ ಅಕ್ಷರ ಕೂಡಿಸಿ ಓದಲಾರ. ಭಜನೆಯಲ್ಲಿ ತಾಳ ತಪ್ಪುತ್ತಾನೆಂದು ಅವನಿಗೆ ತಾಳವನ್ನೇ ಕೊಡುತ್ತಿರಲಿಲ್ಲ.

"ದ್ಯಾಮಣ್ಣಾ, ನಾಳಿ ನೀ ಹತ್ತತೀ ಏನು? ನಿನ್ನ ಪಾಳಿ ಇನ್ನೂ ಎರಡು ದಿನ ಅದ."

"ಹತ್ತತೀನಿ."

"ಕೈ ನೋಯೂದಿಲ್ಲೇನು?"

"ಅಜ್ಜಾರು ತಮ್ಮ ಕೈಯಾರೆ ಕವಣಿ ಕೊಟ್ಟಾರ. ಆ ಕೈ ನೋಯ್ತದಂದ್ರ ಅವರಿಗೆ ಮರ್ಯಾದಿ ಏನು ಉಳೀತು?"

ಐವರಲ್ಲಿ ಯಾರನ್ನು ಕೇಳಿದರೂ ಇದೇ ಮಾತು. ಕವಣೆ ಹಿಡಿದವನು ನೋವೆನ್ನಬಾರದು. ಯಾರ ಅಪ್ಪಣೆಯೂ ಅಲ್ಲ, ಹಾಗೇ ಬೆಳೆದುಬಂದ ರೂಢಿ. ನೋವೇ ಇಲ್ಲದ ಐದು ಕೈಗಳಲ್ಲಿ ಯಾವುದನ್ನು ಆರಿಸುವುದು? ಗದಿಗಯ್ಯ ಗಟ್ಟಿಯಾದದ್ದನ್ನೇ ಆರಿಸಿದ. ಒಂಬತ್ತನೆಯ ದಿನ ದ್ಯಾಮಣ್ಣ ಹತ್ತಿದ. ಹತ್ತನೆಯ ದಿನ ಐವರಲ್ಲಿ ಉಳಿದಿದ್ದ ಇನ್ನೊಬ್ಬ ಹತ್ತಿದ, ಹನ್ನೊಂದನೆಯ ದಿನ ಮತ್ತೆ ದ್ಯಾಮಣ್ಣ.

ಆ ದಿನ ಮಧ್ಯಾಹ್ನ ಊಟದ ಪಂಕ್ತಿಯಲ್ಲಿ ದ್ಯಾಮಣ್ಣ ಎಲ್ಲರಿಗೂ ಬೆನ್ನು ತಿರುಗಿಸಿ, ಗೋಡೆಗೆ ಮುಖ ಮಾಡಿ ಕೂತ.

ಗದಿಗಯ್ಯ ಆ ಬೆನ್ನನ್ನೇ ನೋಡಿದ. ಸಿಟ್ಟು ಬಂದಿರಬೇಕು. ಯಾಕೆ? ಹತ್ತನೆಯ ದಿನ ತನ್ನನ್ನು ಬಿಟ್ಟರೆಂದೇ ಇರಬೇಕು. ಒಳ್ಳೆಯ ಆಳು, ಮುನಿಸಿಕೊಂಡರೆ ಹೊಲದ ಗತಿ?

ರಮಿಸಲಿಕ್ಕೆಂದು ಹನ್ನೆರಡನೆಯ ದಿನವೂ ಅವನಿಗೇ ಕೊಟ್ಟ.

ದ್ಯಾಮಣ್ಣ ಮತ್ತೆ ಗೋಡೆಗೆ ಮುಖ ಮಾಡಿ ಉಂಡ.

ಹದಿಮೂರನೆಯ ದಿನವನ್ನೂ ಕೊಟ್ಟ.

ಮುನಿಸು ಇಳಿಯಲಿಲ್ಲ. ಉಳಿದವರು ಗೊಣಗತೊಡಗಿದರು. "ಅಂವಗ ಸೊಕ್ಕು ಬಂದದ. ನಮ್ಮ ಸಾಲಿನ್ಯಾಗ ಕೂತು ಉಣ್ಣಾಕೂ ಆಗವಲ್ದು." ಗದಿಗಯ್ಯನ ತಲೆ ಚಿಟ್ಟು ಹಿಡಿಯಿತು. ಕೊಟ್ಟರೂ ಸಿಟ್ಟು, ಕೊಡದಿದ್ದರೂ ಸಿಟ್ಟು. ಇನ್ನೇನು ಮಾಡಲಿ?

ಸಂಜೆ ಅಜ್ಜಾರ ಮುಂದೆ ಹೋಗಿ ಕೂತ.

"ನಾಳಿ ಯಾರು ಹತ್ತಬೇಕು ಅಂತ ನೀವ ಹೇಳ್ರಿ ಅಜ್ಜಾರ. ನನಗ ದಿಕ್ಕ ತಿಳೀವಲ್ದು."

ಅಜ್ಜಾರು ಬತ್ತಿ ಹೊಸೆಯುತ್ತಿದ್ದರು.

"ಯಾರೂ ಬ್ಯಾಡ."

"ಯಾರೂ?"

"ಯಾರೂ."

ಹದಿನಾಲ್ಕನೆಯ ಬೆಳಗ್ಗೆ ಮಂಚಿಗೆ ಬರಿದಾಗಿತ್ತು. ಹತ್ತಲು ಬಂದ ದ್ಯಾಮಣ್ಣನನ್ನು ಗದಿಗಯ್ಯನೇ ತಡೆದ. "ಅಜ್ಜಾರ ಅಪ್ಪಣಿ," ಅಂದ. ಹಕ್ಕಿಗಳು ಬಂದವು, ಇಳಿದವು, ಹಬ್ಬದೂಟ ಮಾಡಿದವು. ಬದುವಿನ ಮೇಲೆ ನಿಂತು ಗದಿಗಯ್ಯ ಕೈ ಕೈ ಹಿಸುಕಿಕೊಂಡ. ಅಪ್ಪಣೆ ಮೀರುವ ಧೈರ್ಯ ಮಾತ್ರ ಬರಲಿಲ್ಲ.

ಬಿಸಿಲೇರಿದ ಮೇಲೆ ಓಡಿಬಂದ. ಕಣ್ಣಲ್ಲಿ ನೀರಿತ್ತು, ಸಿಟ್ಟೂ ಇತ್ತು.

"ನೀವು ಹೇಳಿದ್ರಿ, ನಾ ಕೇಳಿದೆ. ಹೊಲ ತಿಂದು ಹಾಕಿದ್ವು."

"ಎಷ್ಟು ತಿಂದ್ವು?"

"ಹದಿನೇಳು ಸಾಲು. ಮೂಡಲ ಕಡಿಗೆ ಹನ್ನೆರಡು, ಹೊಳಿ ಕಡಿಗೆ ಐದು."

"ಪಕ್ಕಾ ಎಣಿಸೀ ಏನು?"

"ಎರಡು ಸಲ ಎಣಿಸೇನ್ರಿ."

"ಶಾಣ್ಯಾ," ಅಂದರು ಅಜ್ಜಾರು. "ದ್ಯಾಮಣ್ಣಗ ರಾತ್ರಿ ನಿದ್ದಿ ಬರ್ತದೇನು?"

ಗದಿಗಯ್ಯನೂ ದ್ಯಾಮಣ್ಣನೂ ಮಲಗುವುದು ಒಂದೇ ಪಡಸಾಲೆಯಲ್ಲಿ, ನಡುವೆ ಎರಡು ಚಾಪೆಯ ಅಂತರ.

"ಗೊತ್ತಿಲ್ರಿ," ಅಂದ.

ಅಜ್ಜಾರು ಎದ್ದು ಒಳಗೆ ಹೋದರು.

ಅಂದು ಊಟಕ್ಕೆ ಕೂತಾಗ ಗದಿಗಯ್ಯ ರೊಟ್ಟಿ ಬಡಿಸುವ ನೆಪ ಮಾಡಿಕೊಂಡು ಗೋಡೆಗೂ ದ್ಯಾಮಣ್ಣನಿಗೂ ನಡುವೆ ಹೋದ.

ದ್ಯಾಮಣ್ಣ ರೊಟ್ಟಿಯನ್ನು ಮೊಳಕಾಲ ಕೆಳಗೆ ಒತ್ತಿಹಿಡಿದು ಎಡಗೈಯಲ್ಲಿ ಮುರಿಯುತ್ತಿದ್ದ. ಎಡಗೈಯಲ್ಲೇ ತಿನ್ನುತ್ತಿದ್ದ. ಬಲಗೈ ಮಡಿಲಲ್ಲಿ ಬಿದ್ದಿತ್ತು, ಬೆರಳುಗಳು ಬದನೆಕಾಯಿಯಂತೆ ಊದಿದ್ದವು.

ಗದಿಗಯ್ಯನ ಕೈಯಿಂದ ರೊಟ್ಟಿ ಬುಟ್ಟಿ ಜಾರಿತು.

ಎಡಗೈಯಲ್ಲಿ ಉಣ್ಣುವುದನ್ನು ಪಂಕ್ತಿಯವರು ನೋಡಬಾರದೆಂದು ಗೋಡೆಗೆ ತಿರುಗಿದ್ದಾನೆ. ಆ ಬೆನ್ನು ನೋಡಿ ನಾನು ಮತ್ತೆ ಮತ್ತೆ ಮಂಚಿಗೆ ಹತ್ತಿಸಿದ್ದೇನೆ. ರಮಿಸಲಿಕ್ಕೆ! ಅವನಿಗೆ ತನ್ನ ಕೆನ್ನೆಗೇ ಹೊಡೆದುಕೊಳ್ಳಬೇಕೆನಿಸಿತು.

"ಕೈ ಮ್ಯಾಲೆತ್ತಿ ತೋರಿಸು," ಅಂದ ಮೆಲ್ಲಗೆ.

ದ್ಯಾಮಣ್ಣ ಎತ್ತಿದ. ಕೈ ಎದೆಯವರೆಗೆ ಬಂದು ನಿಂತಿತು.

"ಯಾಕ ಹೇಳಲಿಲ್ಲ?"

"ಅಜ್ಜಾರಿಗೆ ಹೇಳಬ್ಯಾಡೋ," ಅಂದ ದ್ಯಾಮಣ್ಣ. "ನಿನ್ನ ಕಾಲಿಗೆ ಬೀಳ್ತೀನಿ. ಬೀಸಾಕ ಹತ್ತಿದ ಮ್ಯಾಲೆ ಬಿಸಿ ಆಗಿ ಬಿಡ್ತದ, ಕೈ ಏಳ್ತದ. ಇನ್ನ ಆರು ದಿನ ತಾನ?"

"ಇಲ್ಲ. ನೀ ಕೂಡು."

"ಕೂತರ ನಾ ಯಾರೋ ಈ ಮಠದಾಗ? ಓದಾಕ ಬರೂದಿಲ್ಲ. ಹಾಡಾಕ ಬರೂದಿಲ್ಲ. ಕವಣಿ ಬಿಟ್ರ ನಾ ಬರೀ ಉಣ್ಣಾವ."

ಗದಿಗಯ್ಯ ಬಾಗಿ, ಬಿದ್ದ ರೊಟ್ಟಿಗಳನ್ನು ಆರಿಸಿಕೊಂಡು ಎದ್ದ.

ಮುಂದಿನ ಐದು ದಿನ, ಕೊಟ್ರಯ್ಯನನ್ನು ಬಿಟ್ಟು, ಉಳಿದ ಮೂವರು ಹೇಗೋ ತೂಗಿಸಿದರು. ಜ್ವರ ಬಿಟ್ಟವನು ಒಮ್ಮೆ ಹತ್ತಿದ, ಮುಳ್ಳು ತೆಗೆಸಿಕೊಂಡವನು ಕುಂಟುತ್ತ ಹತ್ತಿದ, ಮೂರನೆಯವನೂ ಹತ್ತಿದ, ಮತ್ತೆ ಅವರೇ ಹತ್ತಿದರು. ದ್ಯಾಮಣ್ಣನ ಹೆಗಲಿಗೆ ಗದಿಗಯ್ಯ ದಿನಾ ಎಣ್ಣೆ ತಿಕ್ಕಿ ಬಿಸಿ ಶಾಖ ಕೊಟ್ಟ. ದ್ಯಾಮಣ್ಣ ಗೋಡೆಗೆ ಮುಖ ಮಾಡಿ ತಿಕ್ಕಿಸಿಕೊಂಡ.

ಹತ್ತೊಂಬತ್ತರ ಸಂಜೆ ಹೊಳೆಯಾಚೆಯ ಹೊಲಗಳಲ್ಲಿ ಕೊಯ್ಲು ಮುಗಿಯಿತು. ಅಂದರೆ ಅಲ್ಲಿ ಮೇಯುತ್ತಿದ್ದ ಹಕ್ಕಿಯೆಲ್ಲ ಬೆಳಗಾದರೆ ಇಲ್ಲಿಗೆ. ಸುಗ್ಗಿಗೆ ಇನ್ನು ಒಂದೇ ಬೆಳಗು. ಆ ಮೂವರೂ ದಣಿದು ಹಣ್ಣಾಗಿದ್ದರು. ಉಳಿದವರು ಇಬ್ಬರು, ಕೊಟ್ರಯ್ಯ ಮತ್ತು ದ್ಯಾಮಣ್ಣ.

"ನನ್ನ ಹತ್ತಿಸು. ಒಂದ ದಿನ," ಅಂದ ದ್ಯಾಮಣ್ಣ. ಐದು ದಿನದಲ್ಲಿ ಅವನಾಡಿದ ಮೊದಲ ಮಾತು ಅದು. ಕೈಯನ್ನು ತಲೆಯವರೆಗೆ ಎತ್ತಿ ತೋರಿಸಿದ. ಹಣೆಯ ಮೇಲೆ ಬೆವರು ಕಾಣುತ್ತಿತ್ತು.

ಗದಿಗಯ್ಯ ಆ ಬೆವರು ನೋಡಿದ. ಹೊಲ ನೋಡಿದ. ಅಜ್ಜಾರನ್ನು ಕೇಳೋಣವೆಂದು ಎದ್ದು ನಾಲ್ಕು ಹೆಜ್ಜೆ ಹೋಗಿ ಮರಳಿ ಬಂದ. ಅವರು ಏನೆಂದರೂ ತನಗೆ ತಿಳಿಯುವುದಿಲ್ಲವೆಂದು ಇಷ್ಟರಲ್ಲಿ ತಿಳಿದಿತ್ತು.

"ಕೊಟ್ರಯ್ಯ ಹತ್ತಲಿ," ಅಂದ.

ಇಪ್ಪತ್ತನೆಯ ಬೆಳಗು. ಆಕಾಶ ಕಪ್ಪಾಗುವಷ್ಟು ಹಕ್ಕಿ. ಕೊಟ್ರಯ್ಯ ಬೀಸಿದ, ಬೀಸಿದ, ಅಳುತ್ತ ಬೀಸಿದ. ಒಂದು ಹಿಂಡು ತಿರುಗಿದರೆ ಮೂರು ಇಳಿದವು. ಎಲ್ಲರೂ ತಗಡು ಬಡಿದರು, ಕೂಗಿದರು, ಗದಿಗಯ್ಯ ತೆನೆಗಳ ನಡುವೆ ಹುಚ್ಚನಂತೆ ಓಡಿದ. ಬಿಸಿಲೇರುವಷ್ಟರಲ್ಲಿ ಹೊಲದ ಕಾಲುಭಾಗ ಬರೀ ದಂಟು.

ಮೂರು ತಿಂಗಳ ದಾಸೋಹ ಹೋಯಿತು.

ದ್ಯಾಮಣ್ಣ ಬದುವಿನ ಮೇಲೆ ನಿಂತು ಎಲ್ಲವನ್ನೂ ನೋಡಿದ. ಕೊನೆಗೆ ಗದಿಗಯ್ಯನ ಹತ್ತಿರ ಬಂದ.

"ನಾ ಹತ್ತಿದ್ರ ಒಂದು ಸಾಲೂ ಹೋಗ್ತಿರಲಿಲ್ಲ."

ಕವಣೆಯನ್ನು ಗದಿಗಯ್ಯನ ಕಾಲ ಬಳಿ ಇಟ್ಟು ಹೋದ.

ಗದಿಗಯ್ಯ ನೆಟ್ಟಗೆ ಅಜ್ಜಾರಲ್ಲಿಗೆ ಬಂದ. ಅಜ್ಜಾರು ಹೊಳೆಯ ಮೆಟ್ಟಿಲ ಮೇಲೆ ಕೂತು ಕೆಳಗಿನ ಹರಗೋಲು ಕಟ್ಟುವ ಜಾಗ ನೋಡುತ್ತಿದ್ದರು. ಅಲ್ಲಿ ಅಂಬಿಗ ಜನ ತುಂಬಲೆಂದು ಕಾಯುತ್ತಿದ್ದ.

"ಅಜ್ಜಾರ, ಕಾಲುಭಾಗ ಹೋತು."

"ಹೂಂ."

"ದ್ಯಾಮಣ್ಣ ಹತ್ತಿದ್ರ ಉಳೀತಿತ್ತು. ಅದು ಖರೆ."

"ಖರೆ."

"ಹತ್ತಿದ್ರ ಅಂವನ ಕೈ ಜಲ್ಮಕ್ಕ ಹೋಗ್ತಿತ್ತು. ಅದೂ ಖರೆ."

"ಅದೂ ಖರೆ."

"ಹಂಗಾರ ನಾ ಮಾಡಿದ್ದು ಸರಿಯೋ ತಪ್ಪೋ? ಈ ಸಲ ಸುಮ್ಮನಿರಬ್ಯಾಡ್ರಿ. ಇಪ್ಪತ್ತು ದಿನದಿಂದ ನಿಮ್ಮ ಮಾತು ಒಂದೂ ತಿಳಿದಿಲ್ಲ. ಜನ ಉಪಾಸ ಬಿದ್ರ ನನ್ನ ಕೇಳ್ತಾರ. ನಾ ಏನು ಹೇಳ್ಲಿ?"

ಅಜ್ಜಾರು ಅವನ ಕಡೆ ತಿರುಗಿದರು. ಅವರ ಮುಖ ಹೀಗೆ ಸೋತದ್ದನ್ನು ಗದಿಗಯ್ಯ ಎಂದೂ ನೋಡಿರಲಿಲ್ಲ.

"ನಿನ್ನ ವಯಸ್ಸಿನ್ಯಾಗ ಈ ಪಾಳಿ ನಾ ನೋಡ್ತಿದ್ದೆ. ಆ ವರ್ಷ ಒಂದು ಕಾಳೂ ಹೋಗಗೊಡಲಿಲ್ಲ. ಊರ ಮಂದಿ ಎಲ್ಲಾ ಭಲೆ ಅಂದ್ರು."

"ಹ್ಯಾಂಗ್ರಿ?"

"ಛಲೋ ಕೈ ಇದ್ದಾವ ಒಬ್ಬ ಇದ್ದ. ದಿನಾ ಅಂವನ್ನ ಹತ್ತಿಸಿದೆ."

ಗದಿಗಯ್ಯ ಪಕ್ಕದ ಮೆಟ್ಟಿಲ ಮೇಲೆ ಕೂತ.

"ಅವರು ಈಗ ಎಲ್ಲಿ ಅದಾರ್ರೀ?"

"ಕೈ ಹೋದ ಮ್ಯಾಲೆ ಒಂದಿನ ಗಂಟು ಕಟ್ಟಿಕೊಂಡು ಇದ ಮೆಟ್ಟಲಾ ಇಳಿದು ಹೋದ. ನಾ ಆವತ್ತು ಜ್ವಾಳ ಅಳಿಯಾಕ ಹತ್ತಿದ್ದೆ."

ಕೆಳಗೆ ಹರಗೋಲಿನ ಹತ್ತಿರ ಒಬ್ಬ ಬಂದು ನಿಂತ. ಎಡಗೈಯಲ್ಲಿ ಒಂದು ಗಂಟಿತ್ತು. ಬಲಗೈ ಜೋತುಬಿದ್ದಿತ್ತು. ಅಂಬಿಗ ಅವನ ಗಂಟು ಇಸಿದುಕೊಂಡು ಒಳಗಿಟ್ಟ.

ಗದಿಗಯ್ಯ ಅದನ್ನು ನೋಡಿದ. ಮತ್ತೆ ಅಜ್ಜಾರ ಮುಖ ನೋಡಿದ.

"ಆದ್ರ ಅಜ್ಜಾರ, ನಾ ಮಾಡಿದ್ದು ಸರಿಯೋ ತಪ್ಪೋ..."

"ಆ ಜ್ವಾಳ ಮುಂದಿನ ಸುಗ್ಗಿಯೊಳಗ ಮುಗೀತು," ಅಂದರು ಅಜ್ಜಾರು. "ಅಂವನ್ನ ಹುಡುಕೂದು ನನಗ ಇನ್ನೂ ಮುಗಿದಿಲ್ಲ. ನಿನ್ನ ದ್ಯಾಮಣ್ಣನ ಹರಗೋಲು ಇನ್ನೂ ಬಿಟ್ಟಿಲ್ಲ, ಏಳು."