ಗೀರಿದ ಜಾಗ

“ಗುರುಗಳೇ, ಶಂಕೆ ಪಡುವುದು ತಪ್ಪೇ?” ಎಂದು ಬಸವಂತ ಕೇಳಿದ.

ಅವನು ಮಠದ ಉಗ್ರಾಣ ನೋಡಿಕೊಳ್ಳುವ ಶಿಷ್ಯ. ಅಡುಗೆಯ ಮಲ್ಲಯ್ಯ ತುಪ್ಪ ಕದಿಯುತ್ತಾನೆಂದು ಅವನಿಗೆ ಗುಮಾನಿ. ಒಂದು ವರ್ಷದಿಂದ ಡಬ್ಬಿಗೆ ಗುರುತು ಹಾಕಿಡುತ್ತಿದ್ದ. ಮನೆಗೆ ಹೊರಟ ಮಲ್ಲಯ್ಯನನ್ನು ದಿನವೂ ಬಾಗಿಲಲ್ಲಿ ನಿಲ್ಲಿಸಿ ಚೀಲ ತಡಕುತ್ತಿದ್ದ. ಒಮ್ಮೆಯೂ ಏನೂ ಸಿಕ್ಕಿರಲಿಲ್ಲ.

“ಆದರೂ ಈಗೀಗ ಅವನು ನನ್ನ ಮುಖ ನೋಡುವುದಿಲ್ಲ. ಕಂಡರೆ ತಲೆ ತಗ್ಗಿಸಿ ಸರಿದುಹೋಗುತ್ತಾನೆ. ಕಳ್ಳನ ಮನಸ್ಸು ಹುಳ್ಳುಳ್ಳಗೆ ಅಂತಾರಲ್ಲ! ತಾವು ಹೂಂ ಅಂದರೆ ನಾಳೆಯೇ ಅವನನ್ನು ಕಳಿಸಿಬಿಡುತ್ತೇನೆ.”

“ಕುಳಿತುಕೋ” ಎಂದು ಗುರುಗಳು ಒಂದು ಕತೆ ಹೇಳಿದರು.

ಕಡಲ ಹತ್ತಿರ ಒಂದು ಹೊಳೆ. ಅದರ ಮೇಲೆ ರೈಲು ಹೋಗುವ ಕಬ್ಬಿಣದ ಸೇತುವೆ. ಉಪ್ಪುಗಾಳಿಗೆ ಬರಿಯ ಕಬ್ಬಿಣ ಉಳಿಯುತ್ತದೆಯೇ? ಅದಕ್ಕೇ ತುಕ್ಕು ಕೆರೆದು ಮೊದಲು ಕೆಂಪು ಬಣ್ಣ ಬಳಿಯಬೇಕು, ಅದರ ಮೇಲೆ ಬೆಳ್ಳಿ ಬಣ್ಣ. ಕಬ್ಬಿಣವನ್ನು ಹಿಡಿದು ಕಾಯುವುದು ಒಳಗಿನ ಕೆಂಪು. ಕಣ್ಣಿಗೆ ಕಾಣುವುದು ಮೇಲಿನ ಬೆಳ್ಳಿ ಮಾತ್ರ.

ಬಣ್ಣ ಹಚ್ಚುವವನು ಕುಪ್ಪಯ್ಯ ಮೇಸ್ತ್ರಿ. ಮೂವತ್ತು ವರ್ಷ ಆ ಸೇತುವೆಗೇ ಜೋತುಬಿದ್ದು ಬದುಕಿದವನು. ಅವನ ಕೆಲಸ ಪರೀಕ್ಷಿಸಲು ಹೊಸದಾಗಿ ಒಬ್ಬ ಇನ್‌ಸ್ಪೆಕ್ಟರು ಬಂದ. ಮಹಾ ಸಂಶಯದ ಪ್ರಾಣಿ! ಹೆಂಡತಿ ಕೊಟ್ಟ ನೀರನ್ನೂ ಮೂಸಿ ನೋಡಿ ಕುಡಿಯುವವನು. ಸೇತುವೆ ಥಳಥಳ ಹೊಳೆಯುವುದನ್ನು ಕಂಡದ್ದೇ ಅವನ ತಲೆಗೆ ಹುಳ ಹೊಕ್ಕಿತು. ‘ಬೆಳ್ಳಗಿರುವುದೆಲ್ಲ ಹಾಲಲ್ಲ. ಕೆಂಪನ್ನು ಹಚ್ಚದೆ ಬರಿಯ ಬೆಳ್ಳಿ ಬಳಿದಿದ್ದರೆ ಯಾರಿಗೆ ಗೊತ್ತಾಗುತ್ತದೆ?’

ಜೇಬಿನಿಂದ ಚಾಕು ತೆಗೆದು ಕಬ್ಬಿಣ ಕಾಣುವ ತನಕ ಗೀರಿದ. ಒಳಗೆ ಕೆಂಪು ಇತ್ತು. ಅವನಿಗೆ ಸಮಾಧಾನವಾಗಬೇಕಿತ್ತು, ಆಗಲಿಲ್ಲ. ನಿಜ ಹೇಳಬೇಕೆಂದರೆ ಬೇಸರವೇ ಆಯಿತು. ‘ನಾನು ಇಲ್ಲೇ ಗೀರುತ್ತೇನೆಂದು ಲೆಕ್ಕ ಹಾಕಿಯೇ ಹಚ್ಚಿದ್ದಾನೆ, ಖದೀಮ.’ ಇನ್ನೊಂದು ಕಡೆ ಗೀರಿದ. ಅಲ್ಲಿಯೂ ಕೆಂಪು. ಏಣಿ ಹತ್ತಿ ಗೀರಿದ, ಸಂದಿಯೊಳಗೆ ಕೈ ತೂರಿಸಿ ಗೀರಿದ, ತೊಲೆಯ ಅಡಿಗೆ ನುಸುಳಿ ಗೀರಿದ. ನೂರು ಕಡೆ ಗೀರಿ, ನೂರು ಜಾಗವನ್ನೂ ಪುಸ್ತಕದಲ್ಲಿ ಗುರುತು ಮಾಡಿಟ್ಟ.

ಸಂಜೆ ಕುಪ್ಪಯ್ಯ ಡಬ್ಬಿ, ಬ್ರಷ್ಷು ಹಿಡಿದು ಬಂದ. “ಸಾಹೇಬರೇ, ಗೀರಿದಲ್ಲೆಲ್ಲ ಒಂದೊಂದು ಕೋಟು ಬಣ್ಣ ಕೊಟ್ಟುಬಿಡ್ತೆ. ಮಳೆ ಹತ್ತಿರ ಬಂತು, ಹಾಗೇ ಬಿಡೂಕಾಗ.”

“ಓಹೋ, ಸಾಕ್ಷಿ ಮುಚ್ಚುವ ಹುನ್ನಾರವೋ! ಒಂದೇ ಒಂದು ಗೀರಿಗೆ ಬ್ರಷ್ಷು ತಾಗಿಸಿದರೂ ಜೋಕೆ!”

ಕುಪ್ಪಯ್ಯ ಡಬ್ಬಿಗೆ ಮುಚ್ಚಳ ಹಾಕಿಕೊಂಡು ಇಳಿದುಹೋದ.

ಮಳೆಗಾಲ ಕಳೆಯಿತು. ಇನ್‌ಸ್ಪೆಕ್ಟರು ಪುಸ್ತಕ ಹಿಡಿದು ಮತ್ತೆ ಸೇತುವೆ ಹತ್ತಿದ. ಗುರುತು ಮಾಡಿಟ್ಟ ನೂರು ಜಾಗದಲ್ಲೂ ತುಕ್ಕು! ಬಣ್ಣದ ಅಡಿಗೆ ಹಬ್ಬಿ, ಅಂಗೈ ಅಗಲ ಹಕ್ಕಳೆ ಎಬ್ಬಿಸಿತ್ತು. ಉಳಿದ ಕಡೆಯೆಲ್ಲ ಬಣ್ಣ ಇದ್ದ ಹಾಗೇ ಇತ್ತು. ಅತ್ತ ಅವನು ತಿರುಗಿಯೂ ನೋಡಲಿಲ್ಲ. ಅವನಿಗಾದ ಸಂತೋಷ ಅಷ್ಟಿಷ್ಟಲ್ಲ. “ನಾನು ಎಲ್ಲೆಲ್ಲಿ ಶಂಕೆ ಪಟ್ಟೆನೋ ಅಲ್ಲಲ್ಲೇ ತುಕ್ಕು ಬಂದಿದೆ, ನೋಡಿ. ಒಂದೂ ತಪ್ಪಿಲ್ಲ!” ಎಂದು ಮೇಲಿನವರ ಮುಂದೆ ಪುಸ್ತಕ ಬಿಚ್ಚಿದ. ಅವರೂ ಭಲೇ ಎಂದು ತಲೆದೂಗಿದರು.

ಕುಪ್ಪಯ್ಯನ ಕೆಲಸ ಹೋಯಿತು. ಹೊರಡುವಾಗ ಸೇತುವೆಯ ಕಂಬ ಮುಟ್ಟಿ ಅವನು ಅತ್ತ. ‘ಸಿಕ್ಕಿಬಿದ್ದದ್ದಕ್ಕೆ ಅಳುತ್ತಾನೆ’ ಎಂದು ಇನ್‌ಸ್ಪೆಕ್ಟರು ಅಂದುಕೊಂಡ.

ಬಸವಂತ ಹೊಟ್ಟೆ ಹಿಡಿದುಕೊಂಡು ನಕ್ಕ. “ಎಂಥ ಶತಮೂರ್ಖ, ಗುರುಗಳೇ! ನೋಡಬೇಕೆಂದು ಗೀರಿದ, ಸರಿ. ಗೀರಿದ್ದನ್ನು ಮುಚ್ಚಲಾದರೂ ಬಿಡಬಾರದಿತ್ತೇ? ತುಕ್ಕು ತಂದದ್ದು ಅವನ ಚಾಕುವೇ ಅಲ್ಲವೇ?”

ಗುರುಗಳು ಅವನ ನಗು ಮುಗಿಯುವ ತನಕ ಕಾದು ಕೇಳಿದರು: “ಮಲ್ಲಯ್ಯ ನಿನ್ನ ಮುಖ ನೋಡುವುದನ್ನು ಬಿಟ್ಟದ್ದು, ನೀನು ಎಷ್ಟನೇ ಸಲ ಅವನ ಚೀಲ ತಡಕಿದ ಮೇಲೆ?”