ಮೊದಲ ಸ್ಥಾನ ಗೆದ್ದ ಬೀರು

ಒಂದು ಸಾರ್ವಜನಿಕ ಗ್ರಂಥಾಲಯದಲ್ಲಿ ಪುಸ್ತಕ ತುಂಬಿದ ಗಾಜಿನ ಬೀರುವೊಂದಿತ್ತು. ಅದಕ್ಕೆ ಬೀಗ ಬಿದ್ದು, ಬೀಗದ ಕೈ ಕಳೆದು ಎಷ್ಟೋ ವರ್ಷವಾಗಿತ್ತು. ಒಂದು ದಿನ ಅಲ್ಲಿಗೆ ಕಂಪ್ಯೂಟರ್ ಬಂತು. ಗ್ರಂಥಾಲಯಗಳನ್ನು ಒಂದಕ್ಕೊಂದು ಹೋಲಿಸಿ ನೋಡುವುದು ಅದರ ಕೆಲಸ. ಎಲ್ಲರಿಗಿಂತ ಹಿಂದೆ ಬಿದ್ದದ್ದನ್ನು ಮುಚ್ಚುತ್ತಾರೆಂದು ಸುದ್ದಿಯಿತ್ತು.

"ಓದುಗರಿಗೆ ಪುಸ್ತಕ ಕೊಟ್ಟಿದ್ದರಲ್ಲಿ ಜಿಲ್ಲೆಗೆ ನಾವೇ ಕೊನೆ," ಎಂದಿತು ಕಂಪ್ಯೂಟರ್.

ಬೀರು ಸಿಡುಕಿತು. "ಕಂಡಕಂಡವರ ಜೊತೆ ಹೋಲಿಸುವುದು ಯಾವ ನ್ಯಾಯ? ನಮ್ಮಂಥವರ ಜೊತೆ ಹೋಲಿಸು."

"ನಿಮ್ಮಂಥವರು ಎಂದರೆ?"

"ಬೀರುವಿಗೆ ಬೀಗ ಹಾಕುವವರು."

"ಆಗಲೂ ನಾವೇ ಕೊನೆ. ಕೇಳಿದಾಗ ಅವರು ಬೀಗ ತೆಗೆಯುತ್ತಾರೆ."

"ಹಾಗಾದರೆ ಬೀಗದ ಕೈ ಕಳೆದುಕೊಂಡವರ ಜೊತೆ ಹೋಲಿಸು."

"ಅವರು ಬೀಗ ಒಡೆಸಿದ್ದಾರೆ."

"ಒಡೆಸದವರ ಜೊತೆ ಹೋಲಿಸು!"

ಹೇಳಿದ್ದನ್ನು ಮಾಡುವುದಷ್ಟೇ ಕಂಪ್ಯೂಟರಿಗೆ ಗೊತ್ತು. ಹುಡುಕಿ ಹೇಳಿತು: "ಅಂಥ ಗ್ರಂಥಾಲಯ ಇರುವುದೇ ಒಂದು, ನಮ್ಮದು. ಮೊದಲ ಸ್ಥಾನ."

ಮೇಲಧಿಕಾರಿಗಳು ಬಂದರು. 'ಮೊದಲ ಸ್ಥಾನ' ಎಂಬುದನ್ನಷ್ಟೇ ಓದಿ, ಬೀರುವಿಗೆ ಹಾರ ಹಾಕಿ, ಫೋಟೋ ತೆಗೆಸಿಕೊಂಡು ಹೋದರು.

ಮರುದಿನ ನಿವೃತ್ತ ಕಂಡಕ್ಟರ್ ಚನ್ನಮಲ್ಲಪ್ಪ ಬಂದು ಗಾಜಿಗೆ ಮೂಗು ತಾಗಿಸಿ ನಿಂತ. "ಆ ನೀಲಿ ರಟ್ಟಿನ ಪುಸ್ತಕ ಓದಬೇಕಿತ್ತಲ್ಲ," ಎಂದ.

"ಹಾರ ಕಾಣುತ್ತಿಲ್ಲವೇ ಸ್ವಾಮಿ? ಇದು ಗೆದ್ದ ಗ್ರಂಥಾಲಯ," ಎಂದಿತು ಬೀರು. "ಪುಸ್ತಕ ಬೇಕಿದ್ದರೆ ಸೋತವರ ಹತ್ತಿರ ಹೋಗಿ."