ಹತ್ತು ಮೀನು, ಒಂದು ಪೊಟರೆ

ಪುಟಾಣಿಗಳೇ, ಹುಲ್ಲುಕಟ್ಟೆ ಅನ್ನುವ ಸಣ್ಣ ಕೆರೆಯ ದಂಡೆಯಲ್ಲಿ ಒಂದು ಹಳೇ ಮತ್ತಿಮರವಿತ್ತು. ಮೈತುಂಬ ಪೊಟರೆ. ಒಂದೊಂದು ಪೊಟರೆಯಲ್ಲೂ ಒಂದೊಂದು ಹಕ್ಕಿ ಸಂಸಾರ. ಯಾರಿಗೆ ಯಾವ ಪೊಟರೆ ಅಂತ ಹೇಳುವವನು ಯಜಮಾನ ಕೊಕ್ಕರೆ ಬೆಳ್ಳಪ್ಪ. ಹಾವು ಬಂದರೆ ಕೂಗಿ ಎಚ್ಚರಿಸುವ ಕಾವಲೂ ಅವನದೇ. ಅದಕ್ಕೆ ದಿನಕ್ಕೆ ಮೂರು ಮೀನು ಸಂಬಳ, ಮಿಂಚುಳ್ಳಿಗಳು ಹಿಡಿದು ತಂದುಕೊಡಬೇಕು.

ಆ ಮರದಲ್ಲಿ ಕೆಂಚಿ ಅನ್ನುವ ಗೊರವಂಕ ಇದ್ದಳು. ಸುತ್ತಲಿನ ಕೆರೆಗಳಲ್ಲಿ ಹೇಗಿದೆ ಏನಿದೆ ಅಂತ ನೋಡಿ ಬಂದು ಸಭೆಗೆ ಹೇಳುವುದು ಅವಳ ಕೆಲಸ. ಕಣ್ಣು ಬಲು ಚುರುಕು. ಬಾಯಿ ಮಾತ್ರ ಬೇಕಾದಾಗ ತೆರೆಯುತ್ತಿರಲಿಲ್ಲ.

ಒಂದು ಸಭೆಯಲ್ಲಿ ಬೆಳ್ಳಪ್ಪ ಗಂಟಲು ಸರಿಮಾಡಿಕೊಂಡ. "ಹಿರೇಕೆರೆಯ ಕಾವಲುಗಾರನಿಗೆ ದಿನಕ್ಕೆ ಹತ್ತು ಮೀನಂತೆ. ನನಗೆ ಮೂರೇ? ಹೌದೇನಮ್ಮಾ ಕೆಂಚಿ, ನೀನೇ ನೋಡಿ ಬಂದದ್ದಲ್ಲವೇ?"

ಹತ್ತೇನೋ ನಿಜ. ಆದರೆ ಹಿರೇಕೆರೆ ಈ ಕಟ್ಟೆಗಿಂತ ಇಪ್ಪತ್ತು ಪಟ್ಟು ದೊಡ್ಡದು. ಅಲ್ಲಿನ ಕಾವಲುಗಾರ ಹಗಲಿಡೀ ಸುತ್ತು ಹಾಕುತ್ತಾನೆ. ಬೆಳ್ಳಪ್ಪನೋ, ಒಂಟಿ ಕಾಲಲ್ಲಿ ನಿಂತು ತೂಕಡಿಸುವವ. ಕೆಂಚಿಗೆ ಇದೆಲ್ಲ ಗೊತ್ತಿತ್ತು. 'ಮೀನು ತಿನ್ನದ ನನಗ್ಯಾಕೆ ಊರ ಉಸಾಬರಿ' ಅಂದುಕೊಂಡಳು.

"ಹೌದು ಯಜಮಾನರೇ, ಹತ್ತು," ಅಂದಳು. ಅಷ್ಟೇ ಅಂದಳು.

ಮುದಿ ಮಿಂಚುಳ್ಳಿಯೊಂದು ಅವಳ ಮುಖವನ್ನೇ ನೋಡಿತು. ಕೆಂಚಿ ರೆಕ್ಕೆ ತಿದ್ದಿಕೊಳ್ಳುತ್ತ ಕೂತಳು. ಸಂಬಳ ಹತ್ತಾಯಿತು.

ಬೇಸಿಗೆ ಬಂತು. ಕೆಂಚಿ ತನ್ನ ಕೆಳಗಿನ ಪೊಟರೆಯಲ್ಲಿ ನಾಲ್ಕು ನೀಲಿ ಮೊಟ್ಟೆ ಇಟ್ಟಳು. ಅತ್ತ ಬೆಳ್ಳಪ್ಪನಿಗೆ ಹತ್ತು ಮೀನು ತಿಂದು ಮುಗಿಯುತ್ತಿರಲಿಲ್ಲ. ಮಿಕ್ಕದ್ದನ್ನು ಇಡಲು ಮೇಲಿನ ಪೊಟರೆಗಳು ಬೇಕಾದವು. ಮತ್ತೆ ಸಭೆ ಸೇರಿಸಿದ.

"ಆಚೆಯ ಕೆರೆ ಕಲ್ಲುಕುಂಟೆಯಲ್ಲಿ ಒಂದು ಪೊಟರೆಗೆ ಮೂರು ಸಂಸಾರವಂತೆ. ಮೇಲಿನವರು ಕೆಳಗಿಳಿಯಲಿ, ಇಲ್ಲಿ ಎರಡೆರಡು ಸಂಸಾರ ಒಟ್ಟಿಗಿರಲಿ."

ಕೆಂಚಿ ಮುಂದಕ್ಕೆ ಹಾರಿ ಬಂದಳು. "ಯಜಮಾನರೇ, ಅಲ್ಲಿರುವುದು ಪುಟ್ಟ ಗುಬ್ಬಿಗಳು. ಅಲ್ಲಿ ಪೊಟರೆ ಅಂದರೆ ಬಂಡೆಯ ದೊಡ್ಡ ಬಿರುಕು. ಅದಕ್ಕೂ ನಮಗೂ ಹೋಲಿಕೆಯೇ ಇಲ್ಲ."

"ಹಿರೇಕೆರೆಗೆ ಹೋಲಿಸಿದಾಗ ಯಾಕಮ್ಮಾ ಈ ಮಾತು ಬರಲಿಲ್ಲ?" ಬೆಳ್ಳಪ್ಪ ನಯವಾಗಿಯೇ ಕೇಳಿದ.

ಕೆಂಚಿ ಮಿಂಚುಳ್ಳಿಗಳತ್ತ ತಿರುಗಿದಳು. ಅವು ನೀರನ್ನು ನೋಡುತ್ತ ಕೂತಿದ್ದವು. ಹಗಲಿಡೀ ಮೀನು ಹಿಡಿದು ಬಳಲಿದ್ದವು ಪಾಪ.

ಮರುದಿನ ಅವಳ ಪೊಟರೆಗೆ ಗಿಳಿ ದಂಪತಿ ಬಂದರು. "ನಾವೇನು ಮಾಡೋಣ ಅಕ್ಕ, ನಮ್ಮ ಮನೆಯಲ್ಲಿ ಮೀನು ತುಂಬಿದ್ದಾರೆ," ಅಂದಳು ಹೆಣ್ಣುಗಿಳಿ. ತಿರುಗಲೂ ಜಾಗವಿಲ್ಲ. ಒಬ್ಬರು ಮಗ್ಗುಲು ಬದಲಿಸಿದರೆ ಇನ್ನೊಬ್ಬರು ಹೊರಗೆ. ಮೂರೇ ದಿನದಲ್ಲಿ ನಾಲ್ಕು ಮೊಟ್ಟೆಯೂ ಒಂದೊಂದಾಗಿ ಉರುಳಿ ಕೆಳಗಿನ ಬೇರಿಗೆ ಬಿದ್ದು ಒಡೆದವು. ಕೆಂಚಿ ಬೇರಿನ ಮೇಲೆ ಕೂತು ಅತ್ತಳು. ಗಿಳಿಗಳೂ ಅತ್ತವು, ಅದರಿಂದ ಏನು ಬಂತು?

ಈಗಲೂ ಕೆಂಚಿ ಕೆರೆ ಕೆರೆ ಸುತ್ತಿ ಬರುತ್ತಾಳೆ. ಕಂಡದ್ದನ್ನೆಲ್ಲ ಒಂದೂ ಬಿಡದೆ ಹೇಳುತ್ತಾಳೆ. ಕೇಳುವವರು ಯಾರೂ ಇಲ್ಲ. ಬೆಳ್ಳಪ್ಪನ ಮೀನಿನ ರಾಶಿ ಬೆಳೆಯುತ್ತ ಕೆಳಗಿಳಿದು, ಅವಳ ಪೊಟರೆಯಲ್ಲೂ ಈಗ ಮೀನು ತುಂಬಿದೆ.

ನೀತಿ: ತಪ್ಪು ಹೋಲಿಕೆಯಿಂದ ಇನ್ನೊಬ್ಬರಿಗೆ ಅನ್ಯಾಯವಾಗುವಾಗ ಗೊತ್ತಿದ್ದೂ ಸುಮ್ಮನಿದ್ದರೆ, ಅದೇ ಹೋಲಿಕೆ ನಮ್ಮ ಮನೆಗೆ ಬಂದಾಗ ನಮ್ಮ ಮಾತಿಗೆ ಬೆಲೆ ಇರುವುದಿಲ್ಲ.